ಫ್ರೆಂಚ್ ಕಲಿಯೋಕೆ ಇಂಗ್ಲಿಷ್ ದಾರಿ ಯಾಕೆ? ಕೊಡಗಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಲ್ಲಿ ಕೂತ್ಕೊಂಡು ಫ್ರೆಂಚ್ ಯಾರಿಗೆ ಬೇಕಪ್ಪಾ ಅಂತ ಕೇಳೋರಿದ್ದಾರೆ. ಬೇಕಾದೋರು ಕಮ್ಮಿ ಏನಿಲ್ಲ. ಹೋಂಸ್ಟೇ ನಡೆಸೋರು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹೊರಗೆ ಹೋಗ್ಬೇಕು ಅಂತಿರೋ ಹುಡುಗ್ರು, ಕೆನಡಾ ಪಿಆರ್‌ಗೆ (ಅಲ್ಲೇ ಕಾಯಂ ನೆಲೆಸೋ ಅನುಮತಿಗೆ) ಪಾಯಿಂಟ್ ಸೇರಿಸ್ಕೊಳ್ಳೋಕೆ ಒದ್ದಾಡ್ತಿರೋ ನರ್ಸ್‌ಗಳು, ಬೆಂಗಳೂರಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್ ತಗೊಂಡು ಈಗ ತಲೆ ಮೇಲೆ ಕೈ ಹೊತ್ತು ಕೂತಿರೋ ಮಕ್ಕಳು, ಹೀಗೆ. ಇವರೆಲ್ಲರ ಹತ್ರ ಇರೋ ಪುಸ್ತಕ, ಆ್ಯಪ್, ಯೂಟ್ಯೂಬ್ ವಿಡಿಯೋ ಬಹುಪಾಲು ಇಂಗ್ಲಿಷಲ್ಲೇ ಇರುತ್ತೆ, ಅಂದ್ರೆ ಇಂಗ್ಲಿಷ್ ಮಾತೃಭಾಷೆ ಇರೋರಿಗೆ ಏನು ಕಷ್ಟ ಅಂತ ಯೋಚಿಸಿ ಮಾಡಿರೋದು. ನಾವೂ ಮನಸ್ಸಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಫ್ರೆಂಚಿಗೆ ಅಂತ ಎರಡು ಬಸ್ ಹತ್ತಿ ಇಳಿದು ಹೋಗ್ತೀವಿ, ಅವರ ತಪ್ಪುಗಳೆಲ್ಲ ನಮ್ಮ ತಪ್ಪಾಗುತ್ತೆ.

ನಾನು ಹೇಳೋದು ಇಷ್ಟೇ. ಇಂಗ್ಲಿಷ್ನೋರಿಗೆ ಫ್ರೆಂಚಲ್ಲಿ ಕಷ್ಟ ಅನ್ಸೋ ವಿಷಯದಲ್ಲಿ ಹೆಚ್ಚುಕಮ್ಮಿ ಅರ್ಧ ನಮಗೆ ಕಷ್ಟವೇ ಅಲ್ಲ, ಕನ್ನಡದಲ್ಲಿ ಆಗ್ಲೇ ಇದೆ. ಉಳಿದರ್ಧ ನಮಗೂ ನಿಜವಾಗ್ಲೂ ಕಷ್ಟ, ಟೈಮ್ ಹಾಕೋದಿದ್ರೆ ಅಲ್ಲಿ ಹಾಕಿ. ಯಾವುದು ಯಾವ ಗುಂಪು ಅಂತ ಒಂದೊಂದಾಗಿ ನೋಡೋಣ.

ಒಂದು ಸೂಚನೆ ಮೊದಲೇ. ಫ್ರೆಂಚ್ ಪದಗಳನ್ನ ಕನ್ನಡ ಲಿಪೀಲೇ ಬರೀತಿದ್ದೀನಿ, ಇದು ಅಂದಾಜು ಉಚ್ಚಾರಣೆ ಅಷ್ಟೇ. ಝ ಅಂತ ಕಂಡ್ರೆ 'ಝೀರೋ' ಅನ್ನೋವಾಗಿನ ಶಬ್ದ. ಜ ಅಂತ ಬರೆದಿರೋದನ್ನ ಶ ಹೇಳ್ತಾ ಗಂಟಲಿಂದ ದನಿ ಸೇರಿಸಿದ್ರೆ ಬರುತ್ತಲ್ಲ, ಹಂಗೆ ಮೆತ್ತಗೆ ಹೇಳಿ. ಸೊನ್ನೆ ಬಂದಲ್ಲೆಲ್ಲ ಮೂಗಲ್ಲಿ ಬಿಡಬೇಕು, ತುಟಿ ಮುಚ್ಚಿ ಮ್ ಅನ್ನಬಾರದು. ಸರಿಯಾದ ಶಬ್ದಕ್ಕೆ ಆಡಿಯೋ ಕೇಳ್ಲೇಬೇಕು, ಬೇರೆ ದಾರಿ ಇಲ್ಲ.

ಮೊದಲ ಹೆಜ್ಜೆ: ಬಾಯಿ ರಿಪೇರಿ

ನಾವು ಇಂಗ್ಲಿಷ್ ಮಾತಾಡುವಾಗ ಟೇಬಲ್, ಡಾಕ್ಟರ್, ಟಿಕೆಟ್ ಅಂತ ನಾಲಿಗೆ ಮಡಚಿ ಟ ಡ ಹಾಕ್ತೀವಿ, ಅದೇ ಚಾಳಿ ಫ್ರೆಂಚಿಗೂ ಬಂದ್ಬಿಡುತ್ತೆ. ಫ್ರೆಂಚಲ್ಲಿ ಟ ಡ ಇಲ್ವೇ ಇಲ್ಲ, ಇರೋದು ನಮ್ಮ ತ ದ. ತಾಬ್ಲ್, ದೊಕ್ತರ್, ತಿಕೆ. ಇದೊಂದು ಬದಲಾಯಿಸ್ಕೊಂಡ್ರೆ ಸಾಕು ಅರ್ಧ ಉಚ್ಚಾರಣೆ ಸರಿಹೋಗುತ್ತೆ. ಇಂಗ್ಲಿಷ್ನೋರು ಪ, ತ, ಕ ಹೇಳುವಾಗ ಜೊತೆಗೆ ಉಸಿರು ಊದ್ತಾರೆ, ಅದನ್ನ ಬಿಡಿಸೋಕೆ ವಿಡಿಯೋಗಳಲ್ಲಿ ಬಾಯಿ ಮುಂದೆ ಕಾಗದ ಹಿಡಿದು ಪ್ರಾಕ್ಟೀಸ್ ಮಾಡಿಸ್ತಾರೆ. ಆ ಪಾಠ ನೀವು ಸ್ಕಿಪ್ ಮಾಡಿ. ಅಲ್ಪಪ್ರಾಣ ಮಹಾಪ್ರಾಣ ಒಂದನೇ ಕ್ಲಾಸಲ್ಲೇ ಕಲಿತಿದ್ದೀವಿ.

ನಿಜವಾದ ಕಷ್ಟ ಸ್ವರದಲ್ಲಿದೆ. 'ತ್ಯು' (ನೀನು) ಮತ್ತೆ 'ತು' (ಎಲ್ಲ) ಎರಡೂ ನಮ್ಮ ಕಿವಿಗೆ ಒಂದೇ ಥರ ಕೇಳ್ಸುತ್ತೆ. ಮೊದಲನೇದಕ್ಕೆ ಬಾಯೊಳಗೆ ಈ ಅಂತ ಹೇಳ್ತಾ ಇರಿ, ನಾಲಿಗೆ ಅಲ್ಲಾಡಿಸ್ದೆ ತುಟಿ ಮಾತ್ರ ಊ ಅನ್ನೋ ಹಂಗೆ ಮುಂದೆ ತನ್ನಿ, ಬರೋ ಶಬ್ದನೇ ಅದು. ನಾನು ತ್ಯು ಅಂತ ಬರೆದಿರೋದು ಬೇರೆ ಅಕ್ಷರ ಇಲ್ಲದ್ದಕ್ಕೆ, ನಡುವೆ ಯ ಇದೆ ಅಂತಲ್ಲ. ಇದು ತಪ್ಪಿದ್ರೆ ಏನಾಗುತ್ತೆ ಗೊತ್ತಾ, 'ದಸ್ಯು' ಅಂದ್ರೆ ಮೇಲೆ, 'ದಸು' ಅಂದ್ರೆ ಕೆಳಗೆ. ಟವೆಲ್ ಕಪಾಟಿನ ಮೇಲಿದೆ ಅಂತ ನೀವು ಹೇಳಿದ್ರೆ ಗೆಸ್ಟ್ ಬಗ್ಗಿ ಕೆಳಗೆ ಹುಡುಕ್ತಾರೆ. ಮನೇಲಿ ಕೊಡವ ತಕ್ಕ್ ಮಾತಾಡೋರಿಗೆ ಇಲ್ಲೊಂದು ಅನುಕೂಲ ಇದೆ. ಕನ್ನಡ ಲಿಪೀಲಿ ಅಕ್ಷರವೇ ಇಲ್ಲದ ಸ್ವರಗಳು ಅವರ ಬಾಯಲ್ಲಿ ದಿನಾ ಓಡಾಡ್ತವೆ, ಹಾಗಾಗಿ ಬರೆದಿದ್ದೇ ಬೇರೆ ಕೇಳೋದೇ ಬೇರೆ ಅನ್ನೋದು ಅವರಿಗೆ ಹೊಸದಲ್ಲ.

ಮೂಗಿನ ಸ್ವರಕ್ಕೆ ಒಂದೇ ವಾಕ್ಯ ಸಾಕು: 'ಅಂ ಬೋಂ ವ್ಯಾಂ ಬ್ಲಾಂ', ಒಂದು ಒಳ್ಳೆ ಬಿಳಿ ವೈನ್. ನಾಲ್ಕು ಪದ, ನಾಲ್ಕು ಬೇರೆ ಬೇರೆ ಮೂಗಿನ ಸ್ವರ. ಪ್ಯಾರಿಸ್ ಕಡೆ ಮೊದಲನೇದನ್ನೂ ಮೂರನೇದನ್ನೂ ಒಂದೇ ಥರ ಹೇಳೋರು ಬೇಕಾದಷ್ಟು ಜನ, ಹಾಗಾಗಿ ಮೂರು ಬಂದ್ರೂ ನಡೆಯುತ್ತೆ. ರ ಬಗ್ಗೆ ಜನ ಸುಮ್ನೆ ತಲೆ ಕೆಡಿಸ್ಕೊಳ್ತಾರೆ. ಅವರದ್ದು ಗಂಟಲಿನ ರ, ನಮ್ಮದು ನಾಲಿಗೆ ತುದಿಯದ್ದು, ನಮ್ಮ ರ ಹಾಕಿದ್ರೂ ಅವರಿಗೆ ಅರ್ಥ ಆಗುತ್ತೆ. ಆಮೇಲೆ ನೋಡ್ಕೊಂಡ್ರಾಯ್ತು.

ಇನ್ನು ಬರೆದು ಹೇಳದೇ ಬಿಡೋ ಅಕ್ಷರಗಳು. ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾರೆ, ಮೂರಕ್ಕೂ ಸ್ಪೆಲಿಂಗ್ ಬೇರೆ, ಬಾಯಲ್ಲಿ ಮಾತ್ರ ಮೂರೂ 'ಪಾರ್ಲ್'. ಕನ್ನಡದಲ್ಲಿ ಬರೆದಂಗೆ ಓದಿ ಅಭ್ಯಾಸ ಆದೋರಿಗೆ ಇದು ಕಿರಿಕಿರಿ. ಹಂಗಂತ ಸುಮ್ನಿದ್ದ ಅಕ್ಷರ ಪೂರ್ತಿ ಸತ್ತಿರಲ್ಲ, ಮುಂದೆ ಸ್ವರ ಬಂದ್ರೆ ಎದ್ದು ಬರುತ್ತೆ: ಲೇ + ಆಮಿ = ಲೇಝಾಮಿ, ಗೆಳೆಯರು. ಸಂಧಿ ಓದಿದ ನಮಗೆ ಇದೇನು ಮಹಾ. ಆದ್ರೆ ಒಂದು ಜೋಡಿ ಮಾತ್ರ ಗಟ್ಟಿ ಮಾಡ್ಕೊಳ್ಳಿ: 'ಇಲ್ಝೋಂ' ಅಂದ್ರೆ ಅವರ ಹತ್ರ ಇದೆ, 'ಇಲ್ ಸೋಂ' ಅಂದ್ರೆ ಅವರು ಇದ್ದಾರೆ. ಒಂದು ಝ, ಒಂದು ಸ, ವ್ಯತ್ಯಾಸ ಅಷ್ಟೇ.

ಎರಡನೇದು: ನೀನು, ನೀವು

ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯ ಇರುತ್ತೆ, ಪಾಪ ಅವರಿಗೆ ಎಲ್ಲರೂ ಒಂದೇ. ನಮಗೆ ಎರಡು ಸಾಲು ಸಾಕು. 'ತ್ಯು' ಅಂದ್ರೆ ನೀನು, 'ವು' ಅಂದ್ರೆ ನೀವು, ಗೌರವಕ್ಕೂ ವು, ಬಹುವಚನಕ್ಕೂ ವು. ದೇವರಿಗೆ ನೀನು ಅಂತೀವಲ್ಲ, ಅವರೂ ಪ್ರಾರ್ಥನೇಲಿ ತ್ಯು ಅಂತಾರೆ.

ವ್ಯತ್ಯಾಸ ಇರೋದು ಮನೆಯೊಳಗೆ. ನಮ್ಮಲ್ಲಿ ಎಷ್ಟೋ ಮನೇಲಿ ಅಮ್ಮಂಗೆ ನೀನು, ಅಪ್ಪಂಗೆ ಅಜ್ಜಂಗೆ ನೀವು. ಫ್ರಾನ್ಸಲ್ಲಿ ಸಾಮಾನ್ಯವಾಗಿ ಮನೆಯೋರೆಲ್ಲ ತ್ಯು. ಹೋಂಸ್ಟೇಗೆ ಬಂದ ಗೆಸ್ಟ್‌ಗೆ, ಅವರು ನಿಮಗಿಂತ ಚಿಕ್ಕೋರಾದ್ರೂ, ವು ಇಂದಲೇ ಶುರು ಮಾಡಿ. ಎರಡು ದಿನ ಆದ್ಮೇಲೆ ಅವರೇ 'ಓಂ ಪೋ ಸ ತ್ಯುತ್ವಾಯೇ?' ಅಂತಾರೆ, ನೀನು ಅಂತ ಕರ್ಕೋಬಹುದಾ ಅಂತ. ವುಯಿ ಅನ್ನಿ.

ಮೂರನೇದು: ಲಿಂಗ

ಇಲ್ಲಿ ಕನ್ನಡ ಕೈ ಕೊಡುತ್ತೆ. ನಮಗೆ ಲಿಂಗ ಅರ್ಥದ ಮೇಲೆ ಹೋಗುತ್ತೆ, ಗಂಡಸು ಹೆಂಗಸು ಬಿಟ್ರೆ ಉಳಿದದ್ದೆಲ್ಲ 'ಅದು'. ಫ್ರೆಂಚಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಸ್ಕೂಲಲ್ಲಿ ಹಿಂದಿ ಕಲಿವಾಗ ಗಾಡಿ ಆತೀ ಹೈ, ಟ್ರಕ್ ಆತಾ ಹೈ ಅಂತ ಒದ್ದಾಡಿದ್ದು ನೆನಪಿದ್ರೆ ಅದೇ ಕಥೆ. ಕಾರಣ ಹುಡುಕಬೇಡಿ, ಗಡ್ಡ ಗಂಡಸಿಗೆ ಬಂದ್ರೂ 'ಲಾ ಬಾರ್ಬ್' ಹೆಣ್ಣೇ. ಒಬ್ಬ ವ್ಯಕ್ತಿ ಅನ್ನೋಕೆ 'ಯುನ್ ಪೆರ್ಸೊನ್', ಗಂಡಸಾದ್ರೂ ಪದ ಸ್ತ್ರೀಲಿಂಗ.

ದಾರಿ ಏನಪ್ಪಾ ಅಂದ್ರೆ ಪದದ ಬಾಲ ನೋಡೋದು. ಸ್ಯೋಂ ಅಂತ ಮುಗಿಯೋದು ಬಹುಪಾಲು ಹೆಣ್ಣು (ಸ್ತಾಸ್ಯೋಂ, ಪ್ಲಾಂತಾಸ್ಯೋಂ, ತೆಲೆವಿಝ್ಯೋಂ ಕೂಡ ಅದೇ ಗುಂಪು). ಎತ್ ಅಂತ ಮುಗಿಯೋದೂ ಹೆಣ್ಣು. ಮಾಂ ಅಂತ ಮುಗಿಯೋದು ಗಂಡು. ಆಜ್ ಅಂತ ಮುಗಿಯೋದು ಗಂಡು (ಫ್ರೊಮಾಜ್ ಅಂದ್ರೆ ಚೀಸ್, ವಿಲಾಜ್ ಅಂದ್ರೆ ಹಳ್ಳಿ), ಆದ್ರೆ ಪ್ಲಾಜ್, ಪಾಜ್, ಇಮಾಜ್, ಕಾಜ್ ಹೆಣ್ಣು. ಓ ಅಂತ ಮುಗಿದು ಕೊನೇಲಿ ಮೂರು ಸ್ವರ (eau) ಒಟ್ಟಿಗೆ ಬರೆಯೋ ಪದಗಳು ಗಂಡು, ಬಿಟ್ರೆ ನೀರು (ಓ) ಮತ್ತೆ ಚರ್ಮ (ಪೋ). ಇದು ನೂರಕ್ಕೆ ನೂರು ಹಿಡಿಯಲ್ಲ, ಆದ್ರೆ ಕಣ್ಣು ಮುಚ್ಚಿ ಹೇಳೋದಕ್ಕಿಂತ ಎಷ್ಟೋ ಮೇಲು. ಅದಕ್ಕಿಂತ ಮುಖ್ಯ, ಪದನ ಒಂಟಿಯಾಗಿ ಬರ್ಕೋಬೇಡಿ. ನೋಟ್‌ಬುಕ್ಕಲ್ಲಿ 'ಮೇಝೋಂ' ಅಂತ ಬರೆಯೋದಲ್ಲ, 'ಯುನ್ ಮೇಝೋಂ' ಅಂತ ಬರೀರಿ. ಲ ಅಥವಾ ಲಾ ಗಿಂತ ಅಂ, ಯುನ್ ಹಾಕೋದು ವಾಸಿ, ಯಾಕಂದ್ರೆ ಸ್ವರದಿಂದ ಶುರುವಾಗೋ ಪದದ ಮುಂದೆ ಲ, ಲಾ ಎರಡೂ ಬರೀ ಲ್ ಆಗಿ ಲಿಂಗ ಮುಚ್ಚಿಹೋಗುತ್ತೆ.

ಗುಣವಾಚಕ ಸಾಮಾನ್ಯವಾಗಿ ಪದ ಆದ್ಮೇಲೆ ಬರುತ್ತೆ, ಕೆಲವು (ದೊಡ್ಡ, ಚಿಕ್ಕ, ಒಳ್ಳೆ, ಚಂದ, ಹೊಸ) ಪದಕ್ಕಿಂತ ಮೊದಲೇ. ಕೆಲವಕ್ಕೆ ಜಾಗ ಬದಲಾದ್ರೆ ಅರ್ಥನೇ ಬದಲು. ಇದಕ್ಕೆ ಕೊಡಗಿಗಿಂತ ಒಳ್ಳೆ ಉದಾಹರಣೆ ಸಿಗಲ್ಲ: ಐನ್‌ಮನೆ (ಮನೆತನದ ಮೂಲ ಮನೆ) ತೋರಿಸಿ 'ಯುನ್ ಮೇಝೋಂ ಆಂಸ್ಯೆನ್' ಅಂದ್ರೆ ಹಳೇ ಕಾಲದ ಮನೆ, ಸರಿ. 'ಮೋನ್ ಆಂಸ್ಯೆನ್ ಮೇಝೋಂ' ಅಂದ್ರೋ, ನಾನು ಮೊದಲಿದ್ದ, ಈಗ ಬಿಟ್ಟಿರೋ ಮನೆ ಅಂತ ಆಗುತ್ತೆ. ಮನೆತನದೋರು ಕೇಳಿಸ್ಕೊಂಡ್ರೆ ಮುಗೀತು.

ನಾಲ್ಕನೇದು: ಒಂದು ಕಾಫಿಗೆ ನಾಲ್ಕು ವೇಷ

ಇದು ನಮಗೂ ಕಷ್ಟ, ಇಂಗ್ಲಿಷ್ನೋರಿಗೂ ಕಷ್ಟ. ಕನ್ನಡದಲ್ಲಿ 'ಕಾಫಿ ಕುಡಿತೀನಿ', 'ಕಾಫಿ ಇಷ್ಟ', 'ಕಾಫಿ ಇಲ್ಲ', ಎಲ್ಲಾ ಕಡೆ ಕಾಫಿ ಕಾಫಿನೇ. ಫ್ರೆಂಚಲ್ಲಿ ಪದದ ಮುಂದೆ ಏನಾದ್ರೂ ಒಂದು ಇರ್ಲೇಬೇಕು, ಆ ಏನಾದ್ರೂ ಯಾವುದು ಅನ್ನೋದೇ ಪ್ರಶ್ನೆ.

'ಅಂ ಕಾಫೇ' ಅಂದ್ರೆ ಒಂದು ಕಪ್ ಕಾಫಿ, ಎಣಿಸೋಕಾಗೋದು. ಫ್ರಾನ್ಸಲ್ಲಿ ಹೋಟೆಲಲ್ಲಿ ಹೀಗೆ ಕೇಳಿದ್ರೆ ಹಾಲಿಲ್ಲದ ಚಿಕ್ಕ ಕಪ್ಪಿನ ಎಸ್ಪ್ರೆಸೋ ಬರುತ್ತೆ, ನಮ್ಮ ಲೋಟ ಬೆಲ್ಲದ ಕಾಫಿ ಅಲ್ಲ. 'ದ್ಯು ಕಾಫೇ' ಅಂದ್ರೆ ಸ್ವಲ್ಪ ಕಾಫಿ, ಅಳತೆ ಹೇಳಿಲ್ಲ: ಜ ಬ್ವಾ ದ್ಯು ಕಾಫೇ, ನಾನು ಕಾಫಿ ಕುಡಿತೀನಿ. 'ಲ ಕಾಫೇ' ಅಂದ್ರೆ ಕಾಫಿ ಅನ್ನೋ ಜಾತಿಯೇ, ಪೂರ್ತಿ: ಜೆಮ್ ಲ ಕಾಫೇ, ನನಗೆ ಕಾಫಿ ಇಷ್ಟ. ಈ ಸಲ ಕಾಫಿ ರೇಟ್ ಹೆಂಗಿದೆ ಅಂತ ಗೋಣಿಕೊಪ್ಪದಲ್ಲಿ ಮಾತಾಡ್ಕೊಳ್ತಾರಲ್ಲ, ಆ ಕಾಫಿನೂ 'ಲ' ಕಾಫಿನೇ. ನಾಲ್ಕನೇದು ಬರೀ 'ದ': ಪಾ ದ ಕಾಫೇ, ಕಾಫಿ ಇಲ್ಲ. ಬೋಕೂ ದ ಕಾಫೇ, ತುಂಬಾ ಕಾಫಿ. ಅಂ ಕಿಲೋ ದ ಕಾಫೇ, ಒಂದು ಕೆಜಿ ಕಾಫಿ. ಅಳತೆ ಅಥವಾ 'ಇಲ್ಲ' ಬಂದ್ರೆ ದ್ಯು ಹೋಗಿ ದ ಆಗುತ್ತೆ.

ಬೀಳೋದು ಎಲ್ಲಿ ಅಂದ್ರೆ ಇಲ್ಲಿ: 'ನನಗೆ ಕಾಫಿ ಇಷ್ಟ ಇಲ್ಲ' ಅನ್ನೋಕೆ 'ಇಲ್ಲ' ಬಂತಲ್ಲ ಅಂತ ಜನ ದ ಹಾಕ್ತಾರೆ. ತಪ್ಪು. ಇಷ್ಟಕಷ್ಟದ ಕ್ರಿಯಾಪದಕ್ಕೆ ಯಾವಾಗ್ಲೂ ಲ, ಇಲ್ಲ ಅಂದ್ರೂ ಲ: ಜ ನೆಮ್ ಪಾ ಲ ಕಾಫೇ. (ಕೊಡಗಲ್ಲಿ ಈ ವಾಕ್ಯ ಹೇಳೋರು ಯಾರೋ ಗೊತ್ತಿಲ್ಲ, ಉದಾಹರಣೆಗೆ ಇರ್ಲಿ.) ಸ್ತ್ರೀಲಿಂಗ ಆದ್ರೆ ದ್ಯು ಬದಲು ದ ಲಾ: ಮಾಂಸ ತಿಂತೀನಿ, ಜ ಮಾಂಜ್ ದ ಲಾ ವ್ಯಾಂದ್. ಪಂದಿ ಕರಿ ಬಡಿಸೋ ಮುಂಚೆ ಕೇಳೋಕೆ: ವು ಮಾಂಜೇ ದ್ಯು ಪೊರ್? ಪೊರ್ ಅಂದ್ರೆ ಹಂದಿ ಮಾಂಸ, ಕೊನೆ ಅಕ್ಷರ ಹೇಳಲ್ಲ. ಈ ನಾಲ್ಕು ವೇಷನ ಕಾಫಿ, ಅನ್ನ, ನೀರು, ಜೇನು ಹೀಗೆ ದಿನಾ ಮುಟ್ಟೋ ಐದಾರು ಪದಾರ್ಥಕ್ಕೆ ಹಾಕಿ ಹಾಕಿ ಬಾಯಿಪಾಠ ಮಾಡಿ. ರೂಲ್ ಓದಿದ್ರೆ ಬರಲ್ಲ ಇದು.

ಐದನೇದು: 'ನನಗೆ' ವಾಕ್ಯಗಳು, ಇಲ್ಲಿ ನಾವು ಮುಂದೆ

ಇಂಗ್ಲಿಷಲ್ಲಿ ಎಲ್ಲದಕ್ಕೂ 'ನಾನು'. ನಾನು ಹಸಿದಿದ್ದೇನೆ, ನಾನು ಇಪ್ಪತ್ತು ವರ್ಷ ಆಗಿದ್ದೇನೆ ಅನ್ನೋ ಥರ. ಅದನ್ನ ಹಂಗೇ ಫ್ರೆಂಚಿಗೆ ಹಾಕಿದ್ರೆ ನಗೆಪಾಟಲು. ಕನ್ನಡದಲ್ಲಿ ನನಗೆ ಹಸಿವು, ನನಗೆ ಇಪ್ಪತ್ತು ವರ್ಷ, ನನಗೆ ತಲೆನೋವು, ಅಂದ್ರೆ ಹಸಿವು ವಯಸ್ಸು ನೋವು ಎಲ್ಲ ನನ್ನ ಹತ್ರ ಇರೋ ವಸ್ತುಗಳು. ಫ್ರೆಂಚೂ ಅದೇ ಲೆಕ್ಕ, 'ಇದೆ' ಕ್ರಿಯಾಪದ ಹಾಕುತ್ತೆ: ಜೇ ಫ್ಯಾಂ, ಜೇ ವ್ಯಾಂತಾಂ, ಜೇ ಮಾಲ್ ಆ ಲಾ ತೆತ್. ಸೆಕೆ ಆಗ್ತಿದೆ ಅನ್ನೋಕೂ 'ಜೇ ಶೋ'. ಇಂಗ್ಲಿಷ್ ಥರ 'ಜ ಸ್ವಿ ಶೋ' ಅಂದ್ರೆ ಅರ್ಥ ಬೇರೆ ಕಡೆ ಹೋಗುತ್ತೆ, ಹೇಳ್ಬೇಡಿ.

ಬೇಕು ಅನ್ನೋದು ನೋಡಿ. ನನಗೆ ಸಕ್ಕರೆ ಬೇಕು: ಇಲ್ ಮ ಫೋ ದ್ಯು ಸ್ಯುಕ್ರ್. ಇಲ್ಲಿ 'ಮ' ಅಂದ್ರೆ ನನಗೆ. ಅದು ನನಗೆ ಇಷ್ಟ ಆಗುತ್ತೆ: ಸಾ ಮ ಪ್ಲೆ. ಇಂಗ್ಲಿಷ್ನೋರಿಗೆ ತಲೆ ಕೆಳಗಾಗೋ ವಾಕ್ಯ ಅಂದ್ರೆ 'ತ್ಯು ಮ ಮಾಂಕ್', ನಿನ್ನ ನೆನಪು ಕಾಡ್ತಿದೆ ಅನ್ನೋಕೆ. ಅದರಲ್ಲಿ ಕರ್ತೃ 'ನೀನು', 'ನನಗೆ' ಅನ್ನೋದು ಪಕ್ಕದಲ್ಲಿ. ನಮಗೆ 'ನನಗೆ ನೆನಪಾಗ್ತಿದ್ದೀಯ' ಅಂತ ಇದ್ದೇ ಇದೆ. ಹೊರಗೆ ಹೋಗಿ ಮನೆ ನೆನೆಸ್ಕೊಂಡು ಕೂತ್ರೆ 'ಮಡಿಕೇರಿ ಮ ಮಾಂಕ್' ಅನ್ನಿ.

ಇನ್ನೊಂದು ಚಂದದ್ದು. ಈಜು ಕಲಿತಿದ್ದೀನಿ, ಆದ್ರೆ ಇವತ್ತು ಜ್ವರ. ಕನ್ನಡದಲ್ಲಿ: ನನಗೆ ಈಜೋಕೆ ಬರುತ್ತೆ, ಆದ್ರೆ ಇವತ್ತು ಆಗಲ್ಲ. ಬರುತ್ತೆ ಒಂದು, ಆಗುತ್ತೆ ಇನ್ನೊಂದು. ಇಂಗ್ಲಿಷಲ್ಲಿ ಎರಡಕ್ಕೂ 'ಕ್ಯಾನ್'. ಫ್ರೆಂಚಲ್ಲಿ ಬರುತ್ತೆ ಅನ್ನೋಕೆ 'ಜ ಸೇ ನಾಜೇ', ಆಗಲ್ಲ ಅನ್ನೋಕೆ 'ಜ ನ ಪೋ ಪಾ'. ಆದ್ರೆ 'ಗೊತ್ತು' ವಿಷಯದಲ್ಲಿ ಹುಷಾರು, ಕನ್ನಡದಲ್ಲಿ ಅವರೂ ಗೊತ್ತು, ಉತ್ತರನೂ ಗೊತ್ತು. ಫ್ರೆಂಚಲ್ಲಿ 'ಪರಿಚಯ ಇದೆ' ಅಂತ ಹೇಳೋಕಾಗೋ ಕಡೆ (ಜನ, ಊರು, ದಾರಿ) 'ಜ ಕೊನೆ', ಮಾಹಿತಿಗೆ 'ಜ ಸೇ'.

ಆರನೇದು: ಕಾಲ

ಭೂತಕಾಲಕ್ಕೆ ಮಾತಲ್ಲಿ ಎರಡು ರೂಪ ಬೇಕು, ಪಾಸೇ ಕೊಂಪೋಝೇ ಮತ್ತೆ ಆ್ಯಂಪಾರ್ಫೆ. ಇಂಗ್ಲಿಷ್ ವಿವರಣೆ ಓದಿದ್ರೆ ತಲೆ ಚಿಟ್ಟು ಹಿಡಿಯುತ್ತೆ. ಕನ್ನಡದಲ್ಲಿ ಹೇಳ್ಕೊಂಡು ನೋಡಿ: ಮಳೆ ಸುರೀತಿತ್ತು, ಮರ ಬಿತ್ತು. 'ತಿತ್ತು' ಬಂದದ್ದು ಆ್ಯಂಪಾರ್ಫೆ, ಟಕ್ ಅಂತ ಮುಗಿದದ್ದು ಪಾಸೇ ಕೊಂಪೋಝೇ: ಇಲ್ ಪ್ಲೊವೆ, ಅನಾರ್ಬ್ರ್ ಎ ತೋಂಬೇ. ಚಿಕ್ಕೋನಿದ್ದಾಗ ದಿನಾ ತೋಟಕ್ಕೆ ಹೋಗ್ತಿದ್ದೆ, ಇದೂ ಆ್ಯಂಪಾರ್ಫೆ. ಇಂಗ್ಲಿಷಲ್ಲಿ ಇದಕ್ಕೆ ಸಾದಾ ಭೂತಕಾಲನೂ ನಡೆಯೋದ್ರಿಂದ ಅಲ್ಲಿಂದ ಬಂದೋರು ತಪ್ಪು ರೂಪ ಹಾಕ್ತಾರೆ. 'ಇತ್ತು, ಇದ್ರು' ಅನ್ನೋ ಸ್ಥಿತಿಗಳೂ ಹೆಚ್ಚಾಗಿ ಆ್ಯಂಪಾರ್ಫೆ ಕಡೆಗೇ: ಮಂಜು ಕವಿದಿತ್ತು, ಚಳಿ ಇತ್ತು. ಆದ್ರೆ ಎಷ್ಟು ಹೊತ್ತು ಅಂತ ಬೇಲಿ ಹಾಕಿದ್ರೆ ರೂಪ ಬದಲಾಗುತ್ತೆ: ಮೂರು ದಿನ ಮಳೆ ಸುರೀತು, ಇಲ್ ಆ ಪ್ಲ್ಯು ಪಾಂದಾಂ ತ್ರ್ವಾ ಜೂರ್.

ಪಾಸೇ ಕೊಂಪೋಝೇಗೆ ಸಹಾಯಕ ಕ್ರಿಯಾಪದ ಎರಡು, ಆವ್ವಾರ್ (ಇದೆ, ಹೊಂದಿದೆ) ಮತ್ತೆ ಎತ್ರ್ (ಆಗಿದೆ). ಹೋಗು, ಬಾ, ಹುಟ್ಟು, ಸಾಯಿ, ಬೀಳು, ಹತ್ತು, ಇಳಿ ಇಂಥ ಹದಿನೈದಿಪ್ಪತ್ತಕ್ಕೆ ಎತ್ರ್, ಉಳಿದದ್ದಕ್ಕೆಲ್ಲ ಬಹುಪಾಲು ಆವ್ವಾರ್. ಆಮೇಲೆ ಪುಸ್ತಕ ಬಾಂಬ್ ಹಾಕುತ್ತೆ, ಹತ್ತು ಇಳಿಗೆ ಕೆಲವೊಮ್ಮೆ ಆವ್ವಾರ್ ಬರುತ್ತೆ ಅಂತ. ಇದನ್ನ ಕನ್ನಡದ 'ಇಸು' ಇಟ್ಟು ನೋಡಿ. ಅವನು ಇಳಿದ: ಇಲ್ ಎ ದೆಸಾಂದ್ಯು. ಅವನು ಬ್ಯಾಗ್ ಇಳಿಸಿದ: ಇಲ್ ಆ ದೆಸಾಂದ್ಯು ಲೇ ವಾಲೀಝ್. ಇಳಿ ಇದ್ದಾಗ ಎತ್ರ್, ಇಳಿಸು ಆದಾಗ ಆವ್ವಾರ್. ಕ್ರಿಯಾಪದ ಅವರಲ್ಲಿ ಬದಲಾಗಲ್ಲ, ನಮ್ಮಲ್ಲಿ ಬದಲಾಗುತ್ತೆ, ಅದೇ ನಮಗೆ ಸುಳಿವು. ಈ ಸುಳಿವು ಸೋರೋ ಜಾಗ ಒಂದಿದೆ: 'ಮೆಟ್ಟಿಲು ಇಳಿದ' ಅನ್ನೋದ್ರಲ್ಲಿ ಇಸು ಇಲ್ಲ, ಆದ್ರೂ ಮೆಟ್ಟಿಲು ಕರ್ಮ ಆಗಿರೋದ್ರಿಂದ ಅವರು ಆವ್ವಾರ್ ಹಾಕ್ತಾರೆ.

ಹತ್ತು ವರ್ಷದಿಂದ ಮಡಿಕೇರೀಲಿ ಇದ್ದೀನಿ. ವರ್ತಮಾನ ಕಾಲ, ಅಲ್ವಾ? ಫ್ರೆಂಚೂ ವರ್ತಮಾನ: ಜಾಬಿತ್ ಆ ಮಡಿಕೇರಿ ದಪ್ವಿ ದಿಝಾಂ. ಇಂಗ್ಲಿಷ್ ಇಲ್ಲಿ ಉದ್ದುದ್ದ ಸುತ್ತುತ್ತೆ, ಅದನ್ನ ನೋಡಿ ಫ್ರೆಂಚಲ್ಲಿ ಭೂತಕಾಲ ಹಾಕ್ಬೇಡಿ. 'ದಿಂದ' ಅಂದ್ರೆ ದಪ್ವಿ, ಮುಗಿದುಹೋದ ಅವಧಿಗೆ ಪಾಂದಾಂ, 'ಹಿಂದೆ' ಅನ್ನೋಕೆ ಇಲ್ ಯಾ. ಎರಡು ಗಂಟೆ ಬಿಟ್ಟು ಬರ್ತೀನಿ ಅಂದ್ರೆ 'ದಾಂ', ಎರಡು ಗಂಟೇಲಿ ಕೆಲಸ ಮುಗಿಸಿದೆ ಅಂದ್ರೆ 'ಆಂ'.

ಸ್ಯುಬ್‌ಜೋಂಕ್ತಿಫ್ ಅನ್ನೋ ಕ್ರಿಯಾಪದ ರೂಪ ಅಂದ್ರೆ ಎಲ್ಲರಿಗೂ ಭಯ. ಬಿ1 ಅನ್ನೋ ಮಧ್ಯಮ ಮಟ್ಟದವರೆಗೆ ಇದೊಂದು ಸಾಕು: 'ನೀನು ಬರಬೇಕು', 'ನೀನು ಬರಲಿ ಅಂತ ನನ್ನಾಸೆ', 'ನೀನು ಬರೋ ಮುಂಚೆ', ಈ ಥರ ಇನ್ನೂ ನಡೆಯದೇ ಇರೋದು ಮನಸ್ಸಲ್ಲಿದ್ರೆ ಆ ರೂಪ: ಇಲ್ ಫೋ ಕ ತ್ಯು ವ್ಯೆನ್. ವಿಚಿತ್ರ ಅಂದ್ರೆ ಎಸ್ಪೆರೇ (ನಿರೀಕ್ಷೆ ಇಡು) ಕ್ರಿಯಾಪದಕ್ಕೆ ಸ್ಯುಬ್‌ಜೋಂಕ್ತಿಫ್ ಬೇಡ. ಯಾಕೆ ಅಂತ ಕೇಳ್ಬೇಡಿ, ನೆನಪಿಟ್ಕೊಳ್ಳಿ.

ಏಳನೇದು: ಅವನನ್ನ, ಅವನಿಗೆ

'ಅವನನ್ನ' ಅಂದ್ರೆ ಲ, 'ಅವನಿಗೆ' ಅಂದ್ರೆ ಲ್ವಿ. ವಿಭಕ್ತಿ ಗೊತ್ತಿರೋ ನಮಗೆ ಇದು ಸಲೀಸು. ಅವನಿಗೆ ಫೋನ್ ಮಾಡ್ದೆ, ಜ ಲ್ವಿ ಏ ತೆಲೆಫೊನೇ. ಅವನಿಗೆ ಉತ್ತರ ಕೊಟ್ಟೆ, ಅದೂ ಲ್ವಿ. ಅವನನ್ನ ನೋಡ್ದೆ, ಹುಡುಕ್ದೆ, ಇವಕ್ಕೆ ನೇರವಾಗಿ ಲ, ನಡುವೆ ಬೇರೆ ಪದ ತುರುಕೋ ಹಂಗಿಲ್ಲ. ಕನ್ನಡ ದಾರಿ ತಪ್ಪಿಸೋದು ಮೂರು ಕಡೆ, ಬರ್ಕೊಳ್ಳಿ: 'ಅವನಿಗೆ ಸಹಾಯ ಮಾಡು' ಅಂತೀವಿ, ಅಲ್ಲಿ ಲ. 'ಅವನಿಗೆ ಕಾಯಿ' ಅಂತೀವಿ, ಅಲ್ಲೂ ಲ. 'ಅವನನ್ನ ಕೇಳು' ಅಂತೀವಿ, ಅಲ್ಲಿ ಮಾತ್ರ ಲ್ವಿ.

ಆಮೇಲೆ 'ಇ' ಮತ್ತೆ 'ಆಂ'. ಅಲ್ಲಿಗೆ ಹೋಗ್ತೀನಿ: ಜಿ ವೇ, ಆ ಇ ಅಂದ್ರೆ 'ಅಲ್ಲಿಗೆ'. ಬಾಳೆಹಣ್ಣು ಇದ್ಯಾ? ಮೂರಿದೆ: ಜಾಂನೇ ತ್ರ್ವಾ. ಕನ್ನಡದಲ್ಲಿ ಮೂರಿದೆ ಅಂದ್ರೆ ಸಾಕು, ಅವರಿಗೆ 'ಅದರಲ್ಲಿ' ಅಂತ ಒಂದು ಆಂ ಹಾಕದಿದ್ರೆ ವಾಕ್ಯ ನಿಲ್ಲಲ್ಲ. ಇವೆಲ್ಲ ಕ್ರಿಯಾಪದದ ಮುಂದೆ ಬಂದು ಕೂರಬೇಕು, ಕ್ರಮ ಹೀಗೆ: ಮೊದಲು ಮ, ತ, ನು, ವು, ಆಮೇಲೆ ಲ, ಲಾ, ಲೇ, ಆಮೇಲೆ ಲ್ವಿ, ಲರ್, ಆಮೇಲೆ ಇ, ಕೊನೆಗೆ ಆಂ.

ಎಂಟನೇದು: ಇಂಗ್ಲಿಷ್ ಮುಖ, ಬೇರೆ ಜೀವ

ಸ್ಪೆಲಿಂಗ್ ಇಂಗ್ಲಿಷ್ ಥರನೇ ಕಾಣೋ, ಅರ್ಥ ಮಾತ್ರ ಬೇರೆ ಇರೋ ಪದಗಳು. ಮನೇಲಿ ಮಾಡಿದ ಜಾಮ್, ತೋಟದ ಜೇನು ಮಾರೋರು ಮೊದಲು ಇದನ್ನ ತಿಳ್ಕೊಳ್ಳಿ: ಪ್ರಿಸರ್ವೇಟಿವ್ ಹಾಕಿಲ್ಲ ಅಂತ ಹೇಳೋಕೆ ಹೋಗಿ 'ಸಾಂ ಪ್ರೆಝೆರ್ವಾತಿಫ್' ಅಂತ ಲೇಬಲ್ ಬರೆದ್ರೆ ಕಾಂಡೋಮ್ ಹಾಕಿಲ್ಲ ಅಂತ ಅರ್ಥ. ಬೇಕಾದ ಪದ 'ಕೊಂಸೆರ್ವಾತರ್'.

'ಲಿಬ್ರೆರಿ' ಪುಸ್ತಕದಂಗಡಿ, ಲೈಬ್ರರಿಗೆ 'ಬಿಬ್ಲಿಯೋತೆಕ್'. 'ಲೊಕಾಸ್ಯೋಂ' ಬಾಡಿಗೆ, ಜಾಗ ಅಲ್ಲ. 'ಮೊನೆ' ಚಿಲ್ಲರೆ, ದುಡ್ಡಿಗೆ 'ಆರ್ಜಾಂ'. 'ಕಾವ್' ನೆಲಮಾಳಿಗೆ, ಗುಹೆಗೆ 'ಗ್ರೊತ್'. 'ರೆಝ್ಯಾಂ' ಹಸಿ ದ್ರಾಕ್ಷಿ, ಒಣದ್ರಾಕ್ಷಿಗೆ ಹಿಂದೆ 'ಸೆಕ್' ಸೇರಿಸ್ಬೇಕು. 'ಆತಾಂದ್ರ್' ಕಾಯೋದು, 'ಆಸಿಸ್ತೇ' ಹಾಜರಿರೋದು. 'ದಮಾಂದೇ' ಬರೀ ಕೇಳೋದು, ಜೋರು ಮಾಡೋದಲ್ಲ. 'ಆಕ್ತ್ಯುಎಲ್‌ಮಾಂ' ಅಂದ್ರೆ ಸದ್ಯ, ಈಗ. ಪರೀಕ್ಷೆಗೆ 'ಪಾಸೇ' ಅಂದ್ರೆ ಬರೆಯೋದು ಅಷ್ಟೇ, ಪಾಸಾಗೋದಕ್ಕೆ 'ರೆಯ್ಯುಸಿರ್', ಹಾಗಾಗಿ ಯಾರೋ ಪರೀಕ್ಷೆ ಪಾಸೇ ಮಾಡಿದೆ ಅಂದ ತಕ್ಷಣ ಸ್ವೀಟ್ ಕೇಳ್ಬೇಡಿ. 'ವಿಝಿತೇ' ಜಾಗಕ್ಕೆ ಮಾತ್ರ, ತಲಕಾವೇರಿಗೆ ಸರಿ, ಅಜ್ಜಿ ಮನೆಗೆ ಅಜ್ಜಿನ ನೋಡೋಕೆ ಹೋದ್ರೆ 'ರಾಂದ್ರ್ ವಿಝಿತ್'.

ಊಟ ಆದ್ಮೇಲೆ ಹೊಟ್ಟೆ ತುಂಬ್ತು ಅನ್ನೋಕೆ ಹೆಂಗಸರು 'ಜ ಸ್ವಿ ಪ್ಲೆನ್' ಅನ್ನಬೇಡಿ, ಅದು ಗಬ್ಬವಾದ ಹಸುವಿಗೆ ಹೇಳೋ ಮಾತು. 'ಜೇ ಬ್ಯಾಂ ಮಾಂಜೇ', ಚೆನ್ನಾಗಿ ಊಟ ಮಾಡ್ದೆ, ಅಷ್ಟಂದ್ರೆ ಸಾಕು.

ಕಾಳುಮೆಣಸು, ಮೆಣಸಿನಕಾಯಿ, ದೊಣ್ಣೆಮೆಣಸು, ಕನ್ನಡದಲ್ಲೂ ಮೂರರಲ್ಲೂ ಮೆಣಸಿದೆ, ಇಂಗ್ಲಿಷಲ್ಲೂ ಪೆಪ್ಪರ್ ಇದೆ. ಫ್ರೆಂಚಲ್ಲಿ ಪ್ವಾವ್ರ್, ಪಿಮಾಂ, ಪ್ವಾವ್ರೋಂ. ತೋಟದಲ್ಲಿ ಬಳ್ಳಿ ತೋರಿಸಿ ಪಿಮಾಂ ಅಂದ್ರೆ ಗೆಸ್ಟ್ ಕನ್ಫ್ಯೂಸ್. ಮಳೆಗಾಲದಲ್ಲಿ ಬರೋರಿಗೆ ಇನ್ನೊಂದು ಪದ ಮೊದಲೇ ಹೇಳ್ಕೊಡಿ, 'ಸಾಂಸ್ಯು', ಜಿಗಣೆ. ಆಮೇಲೆ ಕಿರುಚೋದಕ್ಕಿಂತ ಅದು ವಾಸಿ.

ಒಂಬತ್ತನೇದು: ಸಂಖ್ಯೆ

69ರವರೆಗೆ ತೊಂದರೆ ಇಲ್ಲ. 70 ಅಂದ್ರೆ ಅರವತ್ತು-ಹತ್ತು, ಸ್ವಾಸಾಂತ್ ದಿಸ್. 80 ಅಂದ್ರೆ ನಾಲ್ಕು-ಇಪ್ಪತ್ತು, ಕಾತ್ರ್ ವ್ಯಾಂ. 97 ಅಂದ್ರೆ ನಾಲ್ಕು-ಇಪ್ಪತ್ತು-ಹತ್ತು-ಏಳು. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ನೋರು 70ಕ್ಕೆ ಸೆಪ್ತಾಂತ್, 90ಕ್ಕೆ ನೊನಾಂತ್ ಅಂತ ಸಲೀಸಾಗಿ ಹೇಳ್ತಾರೆ, ಹಂಗಾಗಿ ಗೆಸ್ಟ್ ಯಾವ ಊರೋರು ಅಂತ ಸಂಖ್ಯೆಲೇ ಗೊತ್ತಾಗುತ್ತೆ. ಫ್ರಾನ್ಸ್‌ನೋರು ಫೋನ್ ನಂಬರನ್ನ ಎರಡೆರಡಾಗಿ ಹೇಳ್ತಾರೆ. ಸ್ವಾಸಾಂತ್ ಅಂತ ಕೇಳಿದ ತಕ್ಷಣ 6 ಅಂತ ಬರೀಬೇಡಿ, ಮುಂದಿನ ಪದಕ್ಕೆ ಕಾಯಿರಿ, 60 ಆಗಿರಬಹುದು 75 ಆಗಿರಬಹುದು. ದಶಮಾಂಶಕ್ಕೆ ಅವರು ಅಲ್ಪವಿರಾಮ ಹಾಕ್ತಾರೆ, ಬಿಲ್ಲಲ್ಲಿ 2,5 ಅಂದ್ರೆ ಎರಡೂವರೆ. ಲಕ್ಷ ಅನ್ನೋ ಪದ ಇಲ್ಲ, ನೂರು ಸಾವಿರ ಅನ್ನಬೇಕು, ಸಾಂ ಮಿಲ್. ಪತ್ರಿಕೆ ಓದೋರಿಗೆ: ಇಂಗ್ಲಿಷಿನ ಬಿಲಿಯನ್, ಅಂದ್ರೆ 100 ಕೋಟಿ, ಫ್ರೆಂಚಲ್ಲಿ 'ಮಿಲ್ಯಾರ್'. ಫ್ರೆಂಚಿನ 'ಬಿಲ್ಯೋಂ' ಅಂದ್ರೆ ಲಕ್ಷ ಕೋಟಿ.

ದಿನಾ ಏನ್ ಮಾಡೋದು, ಯಾವ ಪರೀಕ್ಷೆ

ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋದಲ್ಲಿ ಸುಲಭ ಫ್ರೆಂಚಲ್ಲಿ ದಿನದ ಸುದ್ದಿ ಬರುತ್ತೆ, ಜೊತೆಗೆ ಬರಹನೂ ಸಿಗುತ್ತೆ. ಟಿವಿ5ಮಾಂಡ್ ಅನ್ನೋ ಫ್ರೆಂಚ್ ಚಾನೆಲ್‌ನ ಕಲಿಕೆ ಸೈಟ್ ಫ್ರೀ. ಒಂದೆರಡು ನಿಮಿಷದ ತುಂಡು ತಗೊಂಡು ಮೊದಲು ಕೇಳಿ, ಕೇಳಿದ್ದನ್ನ ಬರೀರಿ, ಆಮೇಲೆ ಬರಹದ ಜೊತೆ ಹೋಲಿಸಿ. ಕಿವಿಗೂ ಸ್ಪೆಲಿಂಗಿಗೂ ಇರೋ ಜಗಳ ಇದರಿಂದ ಬಗೆಹರಿಯೋವಷ್ಟು ಬೇರೆ ಯಾವುದರಿಂದ್ಲೂ ಬಗೆಹರಿಯಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಗತಿ ಗೊತ್ತಲ್ಲ, ಇದ್ದಾಗಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಅನುವಾದ ಮಾಡೋವಾಗ ಇಂಗ್ಲಿಷ್ ಅರ್ಥದ ಬದಲು ಪಕ್ಕದಲ್ಲಿ ಕನ್ನಡ ವಾಕ್ಯ ಬರೀರಿ, ಮೇಲೆ ಹೇಳಿದ್ದೆಲ್ಲ ಆಗ ತಾನಾಗೇ ಕಣ್ಣಿಗೆ ಬೀಳುತ್ತೆ.

ಸರ್ಟಿಫಿಕೇಟ್ ಬೇಕಿದ್ರೆ ಡೆಲ್ಫ್ ಅನ್ನೋ ಫ್ರೆಂಚ್ ಪರೀಕ್ಷೆ ಇದೆ, ಎ1ರಿಂದ ಬಿ2ವರೆಗೆ ನಾಲ್ಕು ಹಂತ. ಕೇಳೋದು, ಓದೋದು, ಬರೆಯೋದು, ಮಾತಾಡೋದು, ಒಂದೊಂದಕ್ಕೆ 25ರಂತೆ ಒಟ್ಟು 100 ಅಂಕ. 50 ಬಂದ್ರೆ ಪಾಸು, ಆದ್ರೆ ಯಾವ ವಿಭಾಗದಲ್ಲೂ 5ಕ್ಕಿಂತ ಕೆಳಗೆ ಇಳಿಯೋ ಹಂಗಿಲ್ಲ, ಅಂದ್ರೆ ಮೂರರಲ್ಲಿ ದಂಡಿಯಾಗಿ ತಗೊಂಡು ಮಾತಾಡೋದನ್ನ ಬಿಟ್ಟುಬಿಡ್ತೀನಿ ಅಂದ್ರೆ ನಡೆಯಲ್ಲ. ಬೆಂಗಳೂರಿನ ವಸಂತನಗರದಲ್ಲಿ ಫ್ರೆಂಚ್ ಕಲಿಸೋ ಅಲಿಯಾನ್ಸ್ ಫ್ರಾನ್ಸೆಝ್ ಸಂಸ್ಥೇಲಿ ವಿಚಾರಿಸಿ. ಸರ್ಟಿಫಿಕೇಟ್‌ಗೆ ಅವಧಿ ಮುಗಿಯೋದು ಅಂತಿಲ್ಲ. ಕೆನಡಾ ಪಿಆರ್‌ಗೆ ಹೊರಟೋರು ಮಾತ್ರ ಡೆಲ್ಫ್‌ಗೆ ಫೀಸ್ ಕಟ್ಟೋ ಮುಂಚೆ ನಿಲ್ಲಿ. ಎಕ್ಸ್‌ಪ್ರೆಸ್ ಎಂಟ್ರಿಗೆ (ಪಿಆರ್ ಅರ್ಜಿ ಹಾಕೋ ಕೆನಡಾ ಸರ್ಕಾರದ ವ್ಯವಸ್ಥೆಗೆ) ಅದು ನಡೆಯಲ್ಲ, ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಬರೀಬೇಕು, ಆ ಅಂಕ ಎರಡೇ ವರ್ಷ ಚಾಲ್ತಿಯಲ್ಲಿರುತ್ತೆ, ಹಾಗಾಗಿ ಬೇರೆ ಕಾಗದಪತ್ರ ಎಲ್ಲ ರೆಡಿ ಆಗ್ತಾ ಬಂದಾಗ ಡೇಟ್ ತಗೊಳ್ಳಿ.